ಸ್ಟೆಂಟ್ ಬೆಲೆ ಇಳಿಯಿತು, ಬಿಲ್ ಯಾಕೆ ಇಳಿಯಲಿಲ್ಲ?

ಗಿರಿನಗರ ನಿವಾಸಿ:

ಇತ್ತೀಚೆಗೆ ನಮ್ಮ ಮಾವನವರಿಗೆ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಂಜಿಯೋಪ್ಲಾಸ್ಟಿ ಆಯಿತು, ಅಂದರೆ ಹೃದಯದ ಕಟ್ಟಿಕೊಂಡ ರಕ್ತನಾಳ ಬಿಡಿಸಿ, ಅದು ಮತ್ತೆ ಮುಚ್ಚದಂತೆ ಸ್ಟೆಂಟ್ ಅನ್ನುವ ಸಣ್ಣ ಜಾಲರಿ ಕೊಳವೆ ಕೂರಿಸಿದರು. ಈಗ ಓಡಾಡಿಕೊಂಡಿದ್ದಾರೆ. ಡಾಕ್ಟರ ಮೇಲೆ ದೂರೇನೂ ಇಲ್ಲ. ನನ್ನ ಪ್ರಶ್ನೆ ಬಿಲ್ಲಿನದು.

ಸ್ಟೆಂಟಿನ ಸಾಲು ಬಹಳ ಚೊಕ್ಕವಾಗಿದೆ. ಬ್ರ್ಯಾಂಡ್, ಕಂಪನಿ, ಬ್ಯಾಚ್ ನಂಬರ್, ಸರ್ಕಾರದ ಮಿತಿಯೊಳಗಿನ ಬೆಲೆ, ಎಲ್ಲಾ ಬರೆದಿದ್ದಾರೆ. ಅದರ ಕೆಳಗೆ ಶುರುವಾಗುತ್ತದೆ ನೋಡಿ: ಬಲೂನ್ ಕ್ಯಾತಿಟರ್ (ಕ್ಯಾತಿಟರ್ ಅಂದರೆ ರಕ್ತನಾಳದೊಳಗೆ ತೂರಿಸುವ ತೆಳು ಕೊಳವೆ), ಗೈಡಿಂಗ್ ಕ್ಯಾತಿಟರ್, ಗೈಡ್ ವೈರ್, ಈ ಚಿಕಿತ್ಸೆ ಮಾಡುವ ಕೊಠಡಿಯಾದ ಕ್ಯಾಥ್ ಲ್ಯಾಬಿನ ಚಾರ್ಜ್. ಕೊನೆಗೆ ‘ಕನ್ಸ್ಯೂಮಬಲ್ಸ್’, ಅಂದರೆ ಬಳಸಿ ಬಿಸಾಡುವ ಸಾಮಾನು, ಅಂತ ಒಂದು ದೊಡ್ಡ ಮೊತ್ತ. ಅದರಲ್ಲಿ ಏನಿದೆ ಅಂತ ಕೇಳಿದರೆ ‘ಪ್ಯಾಕೇಜ್‌ನಲ್ಲಿ ಬರುತ್ತೆ ಸರ್’ ಅಂದರು.

ಹಿನ್ನೆಲೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. 2017ರವರೆಗೆ ಔಷಧ ಲೇಪಿತ ಸ್ಟೆಂಟ್ ಒಂದರ ಎಂಆರ್‌ಪಿ ಸರಾಸರಿ 1.2 ಲಕ್ಷದ ಆಸುಪಾಸು ಇತ್ತು. ದೆಹಲಿ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಬಿದ್ದ ಮೇಲೆ ಕೇಂದ್ರ ಸರ್ಕಾರ ಸ್ಟೆಂಟನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. 2017ರ ಫೆಬ್ರವರಿ 13ರಂದು ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ, ಎಲ್ಲರೂ ಎನ್‌ಪಿಪಿಎ ಅನ್ನುವುದು, ಮಿತಿ ಹಾಕಿತು. ಲೇಪನ ಇಲ್ಲದ ಸ್ಟೆಂಟಿಗೆ 7,260 ರೂಪಾಯಿ, ಲೇಪನ ಇರುವುದಕ್ಕೆ 29,600. ಮುಂದಿನ ವರ್ಷ ಎರಡನೆಯದನ್ನು 27,890ಕ್ಕೆ ಇಳಿಸಿದರು. ಮೊದಲ ಮಿತಿಯ ಹೊತ್ತಿಗೆ ಪ್ರಾಧಿಕಾರವೇ ಕೊಟ್ಟ ಲೆಕ್ಕದಲ್ಲಿ ಆಸ್ಪತ್ರೆಗಳ ಲಾಭಾಂಶ ಕೆಲವು ಕಡೆ 654 ಪರ್ಸೆಂಟ್ ಮುಟ್ಟಿತ್ತು.

ಇಷ್ಟು ಇಳಿದ ಮೇಲೆ ಒಟ್ಟು ಖರ್ಚು ಅರ್ಧವಾದರೂ ಆಗಬೇಕಿತ್ತು, ಅಲ್ವಾ? ಕಂಪನಿಗಳೂ ಸರ್ಕಾರವೂ ಸೇರಿ ಏನೋ ಆಟ ಆಡುತ್ತಿವೆ ಅನ್ನುವುದು ನನ್ನ ಅನುಮಾನ. ಒಳಗಿನವರು ಯಾರಾದರೂ ಇದ್ದರೆ ಹೇಳಿ.

ಲ್ಯಾಬ್ ಕೋಟು:

ನಾನು ಕ್ಯಾಥ್ ಲ್ಯಾಬ್ ಟೆಕ್ನಿಷಿಯನ್. ಎಲ್ಲಿ ಅಂತ ಕೇಳಬೇಡಿ.

ಸ್ಟೆಂಟ್ ಪಟ್ಟಿಗೆ ಬಂತು. ಬಲೂನ್ ಬರಲಿಲ್ಲ. ವೈರ್ ಬರಲಿಲ್ಲ. ಸ್ಟೆಂಟ್ ಒಂದನ್ನೇ ಹಾಕುವುದಕ್ಕೆ ಆಗುವುದಿಲ್ಲ. ಮೊದಲು ವೈರ್ ದಾಟಿಸಬೇಕು, ಬಲೂನ್ ಉಬ್ಬಿಸಬೇಕು, ಆಮೇಲೆ ಸ್ಟೆಂಟ್ ಕೂರಿಸಬೇಕು. ಐದು ಸಾಮಾನಿನಲ್ಲಿ ಒಂದಕ್ಕೆ ಮಿತಿ ಹಾಕಿದರೆ ಉಳಿದ ನಾಲ್ಕರಲ್ಲಿ ಲೆಕ್ಕ ಸರಿಮಾಡಿಕೊಳ್ಳುವುದು ಕಷ್ಟವೇ? ಹುತ್ತ ಬಡಿದರೆ ಹಾವು ಸಾಯುತ್ತದೆಯೇ ಅಂದ ಹಾಗೆ.

2020ರ ಏಪ್ರಿಲ್ 1ರಿಂದ ಎಲ್ಲಾ ವೈದ್ಯಕೀಯ ಸಾಧನಗಳೂ ಕಾನೂನಿನ ಕಣ್ಣಿಗೆ ‘ಔಷಧ’. ಕೇಳುವುದಕ್ಕೆ ಚೆನ್ನಾಗಿದೆ. ಪಟ್ಟಿಯಲ್ಲಿ ಇಲ್ಲದ ಸಾಧನಕ್ಕೆ ಇರುವ ಕಟ್ಟು ಇಷ್ಟೇ: ವರ್ಷಕ್ಕೆ 10 ಪರ್ಸೆಂಟ್‌ಗಿಂತ ಜಾಸ್ತಿ ಎಂಆರ್‌ಪಿ ಏರಿಸಬಾರದು. ಮೊದಲ ದಿನ ಎಷ್ಟು ಮುದ್ರಿಸಬೇಕು ಅನ್ನುವುದು ಕಂಪನಿಗೆ ಬಿಟ್ಟದ್ದು. ಹತ್ತು ಪಟ್ಟು ಮುದ್ರಿಸಿ ಶುರು ಮಾಡಿದವನು ಆಮೇಲೆ ಏರಿಸಬೇಕಾದ ಅಗತ್ಯವೇ ಇಲ್ಲ.

ಗಿರಿನಗರ ನಿವಾಸಿ:

ಅಷ್ಟು ಮುದ್ರಿಸಿದರೆ ಯಾರು ಕೊಳ್ಳುತ್ತಾರೆ? ಕಡಿಮೆ ಬೆಲೆಯ ಕಂಪನಿ ಮುಂದೆ ಹೋಗಬೇಕಲ್ಲ?

ಲ್ಯಾಬ್ ಕೋಟು:

ಇಲ್ಲಿ ಉಲ್ಟಾ ಸರ್. ಕೊಳ್ಳುವುದು ಆಸ್ಪತ್ರೆ, ದುಡ್ಡು ಕೊಡುವುದು ನೀವು. ಎರಡು ಕಂಪನಿಯ ಬಲೂನ್ ಇದೆ ಅಂದುಕೊಳ್ಳಿ. ಎರಡನ್ನೂ ಆಸ್ಪತ್ರೆಗೆ 4,000ಕ್ಕೆ ಕೊಡುತ್ತಾರೆ. ಒಂದರ ಮೇಲೆ 8,000 ಮುದ್ರಿಸಿದೆ, ಇನ್ನೊಂದರ ಮೇಲೆ 20,000. ಸಾಮಾನು ಒಂದೇ ಗುಣಮಟ್ಟದ್ದಾದರೆ ಪರ್ಚೇಸ್ ವಿಭಾಗ ಯಾವುದನ್ನು ತರಿಸುತ್ತದೆ? (ಅಂಕಿ ಉದಾಹರಣೆಗೆ ಹೇಳಿದ್ದು.)

ಇದು ನನ್ನ ಕಲ್ಪನೆ ಅಲ್ಲ. ಡೆಂಗಿ ಬಂದ ಒಂದು ಮಗುವಿನ ಬಿಲ್ ದೊಡ್ಡ ಸುದ್ದಿಯಾದ ಮೇಲೆ, 2018ರ ಫೆಬ್ರವರಿಯಲ್ಲಿ ಎನ್‌ಪಿಪಿಎ ದೆಹಲಿ ಸುತ್ತಮುತ್ತಲಿನ ನಾಲ್ಕು ಖಾಸಗಿ ಆಸ್ಪತ್ರೆಗಳ ಬಿಲ್ ತೆಗೆದು ನೋಡಿತು. ಕೆಲವು ಸಾಮಾನಿನ ಮೇಲೆ 1,737 ಪರ್ಸೆಂಟ್‌ವರೆಗೆ ಲಾಭ. ಔಷಧ, ಸಾಧನ, ಪರೀಕ್ಷೆ ಇವೇ ಬಿಲ್ಲಿನ 46 ಪರ್ಸೆಂಟ್. ಹೆಚ್ಚಿನ ಎಂಆರ್‌ಪಿ ಮುದ್ರಿಸುವಂತೆ ತಯಾರಕರ ಮೇಲೆ ಒತ್ತಡ ಬರುತ್ತದೆ ಅನ್ನುವುದನ್ನೂ ಆ ವರದಿ ಹೇಳಿತ್ತು. ಅಗ್ಗದ ಎಂಆರ್‌ಪಿ ಇರುವವನು ಸೋಲುವ ಮಾರುಕಟ್ಟೆ ಇದು.

ಸಣ್ಣೂರ ಡಾಕ್ಟರ್:

ಈ ಚರ್ಚೆ ಯಾವಾಗಲೂ ‘ಆಸ್ಪತ್ರೆಗಳು ಕಳ್ಳರು’ ಅನ್ನುವಲ್ಲಿಗೆ ಹೋಗಿ ನಿಲ್ಲುತ್ತದೆ. ಅದಕ್ಕೆ ಮೊದಲು ನಮ್ಮ ಕಡೆಯ ಮಾತನ್ನೂ ಕೇಳಿ. ನಾನು ತಾಲೂಕು ಕೇಂದ್ರದಲ್ಲಿ ಮೂವತ್ತು ಹಾಸಿಗೆಯ ನರ್ಸಿಂಗ್ ಹೋಂ ನಡೆಸುತ್ತಿದ್ದೇನೆ.

ಹಿಂದೆ ಸ್ಟೆಂಟಿನಲ್ಲಿ ಬರುತ್ತಿದ್ದ ದುಡ್ಡಿನಿಂದ ಕ್ಯಾಥ್ ಲ್ಯಾಬಿನ ಸಾಲ, ನರ್ಸ್‌ಗಳ ಸಂಬಳ, ಕರೆಂಟ್ ಬಿಲ್ ಎಲ್ಲಾ ನಡೆಯುತ್ತಿತ್ತು. ಡಾಕ್ಟರ್ ಫೀಸ್ ಕಡಿಮೆ ತೋರಿಸಿ ಸಾಮಾನಿನ ಮೇಲೆ ತೆಗೆಯುವುದು ಎಲ್ಲರ ರೂಢಿ. ಅದು ಸರಿ ಅಂತ ಹೇಳುತ್ತಿಲ್ಲ. ಆದರೆ ಸರ್ಕಾರ ಸಾಮಾನಿನ ಬೆಲೆಯನ್ನು ಒಂದೇ ರಾತ್ರಿ ಇಳಿಸಿತು, ಕೆಲಸದ ಬೆಲೆ ಎಷ್ಟು ಅಂತ ಯಾರೂ ಕೂತು ಲೆಕ್ಕ ಹಾಕಲಿಲ್ಲ.

ಲೆಕ್ಕ ಹಾಕಿದ ಕಡೆ ಏನಾಗಿದೆ ಗೊತ್ತೇ? ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಪ್ಯಾಕೇಜ್ ದರ ನೋಡಿ. ಕೆಲವು ಸರ್ಜರಿಗೆ ನನ್ನ ಕೈಯಿಂದ ಹೋಗುತ್ತದೆ. ಆ ದುಡ್ಡೂ ಯಾವಾಗ ಬರುತ್ತದೋ ದೇವರೇ ಬಲ್ಲ. ದೊಡ್ಡ ಚೈನ್ ಆಸ್ಪತ್ರೆಗೆ ತಡೆದುಕೊಳ್ಳುವ ಶಕ್ತಿ ಇದೆ, ನನಗಿಲ್ಲ. ಸರ್ಕಾರದ ನಿಯಮ ಜಾಸ್ತಿ ಆದಷ್ಟೂ ಸಣ್ಣವರು ಬಾಗಿಲು ಹಾಕುತ್ತಾರೆ, ದೊಡ್ಡವರು ಕೊಂಡುಕೊಳ್ಳುತ್ತಾರೆ. 2023ರಲ್ಲಿ ನಮ್ಮ ರಾಜ್ಯದ್ದೇ ದೊಡ್ಡ ಹೆಸರಾದ ಮಣಿಪಾಲ್ ಆಸ್ಪತ್ರೆ ಸಮೂಹದಲ್ಲಿ ಬಹುಪಾಲು ಷೇರು ಸಿಂಗಪುರ ಸರ್ಕಾರದ ಹೂಡಿಕೆ ಸಂಸ್ಥೆ ಟೆಮಾಸೆಕ್ ಕೈಗೆ ಹೋಯಿತು. ಕಾನೂನಿನ ಪ್ರಕಾರ ತಪ್ಪೇನಿಲ್ಲ. ಆದರೆ ನೀವು ‘ಖಾಸಗಿ’ ಅನ್ನುವಾಗ ನಾನೂ ಅವರೂ ಒಂದೇ ತಕ್ಕಡಿಯಲ್ಲಿ ತೂಗಿಹೋಗುತ್ತೇವೆ.

ಕುಂದಾನಗರಿ:

ಡಾಕ್ಟ್ರೇ, ನಿಮ್ಮ ಕಷ್ಟ ಒಪ್ಪುತ್ತೇನೆ. ಆದರೆ 2017ರ ನವೆಂಬರ್ ಮರೆಯುವುದಕ್ಕೆ ಆಗುತ್ತದೆಯೇ? ಆಗ ನಾನು ಬೆಳಗಾವಿಯಲ್ಲೇ ಇದ್ದೆ. ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ, ಹೊರಗೆ ಕೆಪಿಎಂಇ ತಿದ್ದುಪಡಿ ವಿರೋಧಿಸಿ ರಾಜ್ಯದ ಮೂಲೆಮೂಲೆಯಿಂದ ಬಂದ ವೈದ್ಯರು.

ಗೊತ್ತಿಲ್ಲದವರಿಗೆ: ಕೆಪಿಎಂಇ ಅಂದರೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರದ್ದು. ನ್ಯಾಯಮೂರ್ತಿ ವಿಕ್ರಮ್‌ಜಿತ್ ಸೇನ್ ಸಮಿತಿ ವರದಿ ಕೊಟ್ಟ ಮೇಲೆ ಆಗಿನ ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ ತಿದ್ದುಪಡಿ ತಂದರು. ಸಮಿತಿ ಹೇಳಿದ್ದಕ್ಕಿಂತ ಮಸೂದೆ ಬಿಗಿಯಾಗಿತ್ತು. ಚಿಕಿತ್ಸೆಯ ದರ ಸರ್ಕಾರ ನಿಗದಿ ಮಾಡುವುದು, ಮೀರಿದರೆ ಜೈಲು, ಜಿಲ್ಲೆಗೊಂದು ದೂರು ಸಮಿತಿ, ಎಲ್ಲಾ ಅದರಲ್ಲಿತ್ತು. ಖಾಸಗಿ ಆಸ್ಪತ್ರೆಗಳ ಹೊರರೋಗಿ ವಿಭಾಗ ದಿನಗಟ್ಟಲೆ ಬಂದ್ ಆಯಿತು. ಚಿಕಿತ್ಸೆ ಸಿಗದೆ ಜನ ಸತ್ತರು ಅನ್ನುವ ಸುದ್ದಿ ಪತ್ರಿಕೆಗಳಲ್ಲಿ ಬಂತು. ಹೈಕೋರ್ಟ್ ಮಧ್ಯೆ ಬರಬೇಕಾಯಿತು. ಮುಖ್ಯಮಂತ್ರಿ ಸಿದ್ದರಾಮಯ್ಯ ಕೂರಿಸಿಕೊಂಡು ಮಾತಾಡಿದರು.

ಕೊನೆಗೆ ಪಾಸಾದದ್ದು ಬೇರೆಯೇ ಮಸೂದೆ. ದರ ನಿಗದಿ ಉಳಿದದ್ದು ಸರ್ಕಾರಿ ಯೋಜನೆಯಲ್ಲಿ ಬರುವ ರೋಗಿಗಳಿಗೆ ಮಾತ್ರ. ಸ್ವಂತ ಜೇಬಿನಿಂದ ಕೊಡುವವನಿಗೆ, ಅಂದರೆ ಕಾಪಾಡಬೇಕಾದವನಿಗೇ, ಏನೂ ಸಿಗಲಿಲ್ಲ. ಬಿಲ್ ಬಾಕಿ ಇದೆ ಅಂತ ಶವ ಕೊಡದೆ ಹಿಡಿದಿಟ್ಟುಕೊಳ್ಳಬಾರದು, ದರಪಟ್ಟಿ ಹಾಕಬೇಕು, ತುರ್ತು ಚಿಕಿತ್ಸೆಗೆ ಮುಂಗಡ ಕೇಳಬಾರದು ಅನ್ನುವಂಥವು ಉಳಿದವು. ಅವೂ ದೊಡ್ಡ ವಿಷಯವೇ, ಇಲ್ಲ ಅನ್ನುವುದಿಲ್ಲ. ಆದರೆ ಬೀದಿಗೆ ಇಳಿದವರು ನಿಮ್ಮಂಥ ಸಣ್ಣೂರ ಡಾಕ್ಟರುಗಳು. ದರ ನಿಗದಿ ಬಿದ್ದುಹೋದದ್ದರಿಂದ ಜಾಸ್ತಿ ಉಳಿಸಿಕೊಂಡವರು ಯಾರು?

ಸಣ್ಣೂರ ಡಾಕ್ಟರ್:

ನಾವು ಹೋಗಿದ್ದು ಜೈಲಿನ ಭಯಕ್ಕೆ. ‘ಸರ್ಕಾರಿ ಆಸ್ಪತ್ರೆಗಳನ್ನೂ ಇದೇ ಕಾಯ್ದೆಯೊಳಗೆ ತನ್ನಿ’ ಅಂತಲೂ ಕೇಳಿದ್ದೆವು, ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ. ನಿಮ್ಮ ಕೊನೆಯ ಪ್ರಶ್ನೆಗೆ ಮಾತ್ರ ನನ್ನ ಹತ್ತಿರ ಉತ್ತರ ಇಲ್ಲ.

ಕೌಂಟರ್ ಹಿಂದಿನವ:

ದಾವಣಗೆರೆಯಲ್ಲಿ ಮೆಡಿಕಲ್ ಶಾಪ್ ನನ್ನದು. ಸ್ಟೆಂಟ್ ಬಿಡಿ, ದಿನಾ ನುಂಗುವ ಮಾತ್ರೆಯ ಕಥೆ ಹೇಳುತ್ತೇನೆ. ಸರ್ಕಾರ ಮತ್ತು ಕಂಪನಿ ಒಟ್ಟಿಗೆ ಕೂತು ಬರೆದ ಹಾಗಿರುವ ನಿಯಮ ನೋಡಬೇಕಾದರೆ ಇಲ್ಲಿ ನೋಡಿ.

1979ರ ಬೆಲೆ ನಿಯಂತ್ರಣ ಆದೇಶದಲ್ಲಿ 347 ಮೂಲ ಔಷಧಗಳಿಗೆ ನಿಯಂತ್ರಣ ಇತ್ತು. 1987ರಲ್ಲಿ ಅದು 142 ಆಯಿತು. 1995ರಲ್ಲಿ 70 ಚಿಲ್ಲರೆ. ಆಗೆಲ್ಲಾ ಬೆಲೆ ಕಟ್ಟುತ್ತಿದ್ದುದು ತಯಾರಿಕೆಯ ವೆಚ್ಚದ ಮೇಲೆ. 2013ರ ಆದೇಶದಲ್ಲಿ ಪಟ್ಟಿ ದೊಡ್ಡದಾಯಿತು, ಅಗತ್ಯ ಔಷಧಗಳೆಲ್ಲಾ ಒಳಗೆ ಬಂದವು. ಎಲ್ಲರೂ ಚಪ್ಪಾಳೆ ತಟ್ಟಿದರು. ಆದರೆ ಲೆಕ್ಕ ಹಾಕುವ ರೀತಿಯನ್ನೇ ಬದಲಿಸಿಬಿಟ್ಟರು. ವೆಚ್ಚ ಹೋಯಿತು, ಮಾರುಕಟ್ಟೆ ಸರಾಸರಿ ಬಂತು. ಒಂದು ಪರ್ಸೆಂಟ್‌ಗಿಂತ ಕಡಿಮೆ ಮಾರಾಟ ಇರುವವರನ್ನು ಬಿಟ್ಟು, ಉಳಿದ ಬ್ರ್ಯಾಂಡುಗಳು ಅಂಗಡಿಗೆ ಕೊಡುವ ಬೆಲೆಯ ಸರಾಸರಿ ತೆಗೆಯಬೇಕು. ಅದಕ್ಕೆ ನಮ್ಮ 16 ಪರ್ಸೆಂಟ್ ಸೇರಿಸಬೇಕು. ಅದೇ ಗರಿಷ್ಠ ಬೆಲೆ.

ಲೆಕ್ಕ ಮಾಡೋಣ. ಒಂದು ಮಾತ್ರೆಗೆ ಮೂರು ಬ್ರ್ಯಾಂಡ್ ಇವೆ ಅನ್ನಿ. ಹತ್ತು ಮಾತ್ರೆಯ ಸ್ಟ್ರಿಪ್ ಅಂಗಡಿಗೆ ಬರುವುದು ಒಂದು 40 ರೂಪಾಯಿಗೆ, ಒಂದು 12ಕ್ಕೆ, ಒಂದು 8ಕ್ಕೆ. ಸರಾಸರಿ 20. ನಮ್ಮ 16 ಪರ್ಸೆಂಟ್ ಸೇರಿ 23 ರೂಪಾಯಿ 20 ಪೈಸೆ. ತಯಾರಿಸುವುದಕ್ಕೆ 3 ರೂಪಾಯಿ ಬೀಳುತ್ತದೋ 5 ಬೀಳುತ್ತದೋ, ಅದನ್ನು ಯಾರೂ ಕೇಳುವುದಿಲ್ಲ. 8 ರೂಪಾಯಿಗೆ ಕೊಡುವವನೂ ನಷ್ಟದಲ್ಲಿ ಕೊಡುತ್ತಿಲ್ಲ ಅನ್ನುವುದು ನೆನಪಿರಲಿ. ದುಬಾರಿ ಬ್ರ್ಯಾಂಡ್ ತಾನೇ ಸರಾಸರಿಯನ್ನು ಮೇಲಕ್ಕೆ ಎಳೆದು, ಆ ಸರಾಸರಿಯನ್ನೇ ‘ನಿಯಂತ್ರಣ’ ಅಂತ ತೋರಿಸಿಕೊಳ್ಳುತ್ತದೆ.

ಮೇಲಾಗಿ ಪ್ರತಿ ಏಪ್ರಿಲ್‌ನಲ್ಲಿ ಸಗಟು ಬೆಲೆ ಸೂಚ್ಯಂಕದ ಪ್ರಕಾರ ಏರಿಕೆ. 2022ರಲ್ಲಿ 10.77 ಪರ್ಸೆಂಟ್, 2023ರಲ್ಲಿ 12.12. ಆ ಎರಡು ಏಪ್ರಿಲ್‌ನಲ್ಲಿ ಬಿಪಿ, ಶುಗರ್ ಮಾತ್ರೆಗೆ ಬರುವ ಖಾಯಂ ಗಿರಾಕಿಗಳಿಂದ ಬೈಸಿಕೊಂಡದ್ದು ನಾವು. ಅವರಿಗೆ ಎದುರಿಗೆ ಕಾಣುವುದು ನಾವೇ ತಾನೇ.

ಇನ್ನು ನಮ್ಮದೇ ಗುಟ್ಟು ಒಂದು ಇದೆ. ಜನರಿಕ್ (ದೊಡ್ಡ ಬ್ರ್ಯಾಂಡಿನ ಹೆಸರಿಲ್ಲದ ಅದೇ ಔಷಧ) ಅಂತ ನೀವು ಕೇಳಿ ಪಡೆಯುವ ಸ್ಟ್ರಿಪ್ ಮೇಲೂ ಎಂಆರ್‌ಪಿ ದಪ್ಪಗೇ ಇರುತ್ತದೆ. ನಮಗೆ ಬರುವುದು ಅದರ ಕಾಲು ಭಾಗಕ್ಕೂ ಕಡಿಮೆಗೆ ಇರಬಹುದು. ಕೆಲವು ಅಂಗಡಿಯವರು ಅದರಲ್ಲಿ 20 ಪರ್ಸೆಂಟ್ ಬಿಟ್ಟು ‘ಡಿಸ್ಕೌಂಟ್’ ಬೋರ್ಡ್ ಹಾಕುತ್ತಾರೆ. ನೀವೂ ಖುಷಿ, ನಾವೂ ಖುಷಿ.

ಗಿರಿನಗರ ನಿವಾಸಿ:

ಅಣ್ಣಾ, ಇದನ್ನು ಇಷ್ಟು ಸಲೀಸಾಗಿ ಹೇಳುತ್ತಿದ್ದೀರಲ್ಲ!

ಕೌಂಟರ್ ಹಿಂದಿನವ:

ಹೆಸರು ಹಾಕಿಲ್ಲವಲ್ಲ ಸರ್, ಅದಕ್ಕೆ.

ಲಾಭಾಂಶಕ್ಕೇ ಮಿತಿ ಹಾಕಿದರೆ ಕೆಲಸ ಆಗುತ್ತದೆ ಅನ್ನುವುದಕ್ಕೆ ಪುರಾವೆಯೂ ಇದೆ. 2019ರ ಫೆಬ್ರವರಿಯಲ್ಲಿ 42 ಕ್ಯಾನ್ಸರ್ ಔಷಧಗಳ ಮೇಲೆ ವ್ಯಾಪಾರದ ಲಾಭ 30 ಪರ್ಸೆಂಟ್ ದಾಟಬಾರದು ಅಂತ ಆದೇಶ ಬಂತು. ಕೆಲವು ಬ್ರ್ಯಾಂಡುಗಳ ಎಂಆರ್‌ಪಿ 80 ಪರ್ಸೆಂಟ್‌ಗಿಂತ ಜಾಸ್ತಿ ಕುಸಿಯಿತು. ಕಂಪನಿ ಮುಳುಗಲಿಲ್ಲ, ಔಷಧವೂ ಮಾಯವಾಗಲಿಲ್ಲ. ಇದನ್ನೇ ಎಲ್ಲಾ ಔಷಧಕ್ಕೂ ಯಾಕೆ ತರುವುದಿಲ್ಲ?

ಬ್ಯಾಗ್ ಇಳಿಸಿದವ:

ಮಾಜಿ ಮೆಡಿಕಲ್ ರೆಪ್ ನಾನು. ಅಣ್ಣನ ಪ್ರಶ್ನೆಗೆ ನನ್ನ ಉತ್ತರ: ಯಾಕೆಂದರೆ ಆ ಲಾಭಾಂಶದಿಂದಲೇ ನಮ್ಮ ಬ್ಯಾಗ್ ತುಂಬುತ್ತಿತ್ತು. ಡಾಕ್ಟರಿಗೆ ಪೆನ್ನು, ಡೈರಿ ಅನ್ನುವುದೆಲ್ಲಾ ಹಳೇ ಕಾಲ. ಆಮೇಲೆ ಕಾನ್ಫರೆನ್ಸ್, ಟಿಕೆಟ್, ಹೋಟೆಲ್.

ವ್ಯವಸ್ಥೆಯ ಎರಡು ಕೈ ಹೇಗೆ ಕೆಲಸ ಮಾಡುತ್ತವೆ ನೋಡಿ. ಒಂದು ಕಡೆ 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಡಾಕ್ಟರಿಗೆ ಕೊಟ್ಟ ಉಡುಗೊರೆಯನ್ನು ಕಂಪನಿ ತನ್ನ ಖರ್ಚು ಅಂತ ತೋರಿಸಿ ಆದಾಯ ತೆರಿಗೆಯಲ್ಲಿ ವಿನಾಯಿತಿ ಕೇಳುವಂತಿಲ್ಲ ಅಂದಿತು. ಅಲ್ಲಿಯವರೆಗೆ ಕಂಪನಿಗಳು ಅದನ್ನೂ ಕೇಳುತ್ತಿದ್ದವು! ಇನ್ನೊಂದು ಕಡೆ 2024ರ ಮಾರ್ಚ್‌ನಲ್ಲಿ ಮಾರಾಟದ ಹೊಸ ನೀತಿಸಂಹಿತೆ ಬಂತು. ಉಡುಗೊರೆ ಬೇಡ, ವಿದೇಶ ಪ್ರವಾಸ ಬೇಡ ಅಂತೆಲ್ಲಾ ಇದೆ. ದೂರು ಕೊಡಬೇಕಾದರೆ ಎಲ್ಲಿಗೆ ಹೋಗಬೇಕು? ಕಂಪನಿಗಳದ್ದೇ ಸಂಘದೊಳಗಿನ ನೀತಿ ಸಮಿತಿಗೆ.

ಜನರಿಕ್ ಹೆಸರಿನಲ್ಲೇ ಚೀಟಿ ಬರೆಯಬೇಕು ಅಂತ 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ನಿಯಮ ತಂದಿತ್ತು, ನೆನಪಿದೆಯೇ? ಅದೇ ತಿಂಗಳು ಮುಗಿಯುವುದರೊಳಗೆ ತಡೆಹಿಡಿದರು. ವೈದ್ಯರ ಸಂಘದ ವಾದದಲ್ಲಿ ಒಂದು ಹುರುಳಿತ್ತು: ‘ನಾವು ಬ್ರ್ಯಾಂಡ್ ಬರೆಯದಿದ್ದರೆ ಯಾವ ಕಂಪನಿಯದು ಕೊಡಬೇಕು ಅಂತ ಅಂಗಡಿಯವನು ನಿರ್ಧರಿಸುತ್ತಾನೆ.’ ಮೇಲೆ ಅಣ್ಣ ಹೇಳಿದ್ದನ್ನು ಓದಿದರೆ ಆ ಭಯ ಸುಮ್ನೆ ಅಲ್ಲ ಅನ್ನಿಸುತ್ತದೆ.

ನ್ಯೂಜೆರ್ಸಿ ಕನ್ನಡತಿ:

ಓದುತ್ತಾ ಓದುತ್ತಾ ನಗು ಬಂತು. ನಾನಿರುವ ಕಡೆ ಇನ್ನೂ ಬಹಿರಂಗವಾಗಿ ನಡೆದಿದೆ. 2003ರಲ್ಲಿ ಇಲ್ಲಿ ಹಿರಿಯರ ಮೆಡಿಕೇರ್ ಯೋಜನೆಗೆ ಔಷಧದ ಸೌಲಭ್ಯ ಸೇರಿಸಿದರು. ಆ ಕಾನೂನಿನಲ್ಲೇ ಒಂದು ಷರತ್ತು: ಬೆಲೆಯ ಮಾತುಕತೆಯಲ್ಲಿ ಸರ್ಕಾರ ತಲೆಹಾಕುವಂತಿಲ್ಲ. ಅತಿ ದೊಡ್ಡ ಗಿರಾಕಿಯೇ ಚೌಕಾಸಿ ಮಾಡಬಾರದು! ಮಾಜಿ ಸೈನಿಕರ ಇಲಾಖೆ ಮಾತ್ರ ತನ್ನ ಔಷಧಕ್ಕೆ ಚೌಕಾಸಿ ಮಾಡುತ್ತಲೇ ಇತ್ತು. ಮಸೂದೆಯನ್ನು ಮುಂದೆ ನಿಂತು ಪಾಸು ಮಾಡಿಸಿದವರಲ್ಲಿ ಒಬ್ಬರಾದ ಬಿಲ್ಲಿ ಟೌಜಿನ್ 2005ರಲ್ಲಿ ಇಲ್ಲಿನ ಸಂಸತ್ತಾದ ಕಾಂಗ್ರೆಸ್ ಬಿಟ್ಟು ಔಷಧ ಕಂಪನಿಗಳ ಸಂಘವಾದ ಫಾರ್ಮಾದ ಮುಖ್ಯಸ್ಥರಾದರು. ಆ ಷರತ್ತು ಸಡಿಲವಾಗಲು 2022ರ ಕಾನೂನು ಬರಬೇಕಾಯಿತು. ಅದೂ ಮೊದಲಿಗೆ ಹತ್ತು ಔಷಧಕ್ಕೆ, ಹೊಸ ಬೆಲೆ ಜಾರಿ 2026ರಿಂದ.

ನಿಮ್ಮ ಸ್ಟೆಂಟಿಗೂ ಇಲ್ಲಿಗೂ ನೇರ ನಂಟಿದೆ. ಭಾರತದ ಮಿತಿ ಇಲ್ಲಿನ ಸಾಧನ ಕಂಪನಿಗಳಿಗೆ ನುಂಗಲಾರದ ತುತ್ತಾಯಿತು. ಅವರ ಸಂಘ ಅಮೆರಿಕದ ವ್ಯಾಪಾರ ಪ್ರತಿನಿಧಿ ಕಚೇರಿಗೆ ದೂರು ಕೊಟ್ಟಿತು. ಹಾಲಿನ ಉದ್ಯಮದವರದ್ದು ಬೇರೆ ದೂರು ಇತ್ತು. 2018ರಲ್ಲಿ ಪರಿಶೀಲನೆ ಶುರುವಾಗಿ, 2019ರ ಜೂನ್‌ನಲ್ಲಿ ಭಾರತದ ಸರಕಿಗೆ ಇದ್ದ ಜಿಎಸ್‌ಪಿ ಸುಂಕ ವಿನಾಯಿತಿಯನ್ನೇ ತೆಗೆದರು. ಭಾರತ ಆಗಲೂ ಸ್ಟೆಂಟಿನ ಮಿತಿ ತೆಗೆಯಲಿಲ್ಲ. ಬೈಯುವಾಗ ಇದನ್ನೂ ಸ್ವಲ್ಪ ಲೆಕ್ಕಕ್ಕೆ ತೆಗೆದುಕೊಳ್ಳಿ.

ಲ್ಯಾಬ್ ಕೋಟು:

ಸರಿಯಾದ ಮಾತು ಮೇಡಂ. ಮಿತಿ ಬಂದ ಹೊಸತರಲ್ಲಿ ಕೆಲವು ವಿದೇಶಿ ಕಂಪನಿಗಳು ತಮ್ಮ ಮೇಲ್ದರ್ಜೆಯ ಸ್ಟೆಂಟ್ ವಾಪಸ್ ತೆಗೆದುಕೊಳ್ಳುತ್ತೇವೆ ಅಂದವು. ಪಟ್ಟಿಯಲ್ಲಿರುವುದನ್ನು ನಿಲ್ಲಿಸಬೇಕಾದರೆ ಆರು ತಿಂಗಳು ಮೊದಲೇ ಹೇಳಬೇಕು ಅನ್ನುವ ನಿಯಮ ಇತ್ತು, ಅದೇ ಕಾಪಾಡಿತು. ಆದರೆ ಮಿತಿ ಹಾಕಿದ ಪ್ರಾಧಿಕಾರದ ಅಧ್ಯಕ್ಷರನ್ನು 2018ರ ಆರಂಭದಲ್ಲೇ ವರ್ಗ ಮಾಡಿದರು. ಕಾರಣ ಏನು ಅಂತ ನಾನು ಹೇಳಲಾರೆ. ಬಲೂನಿನ ಲೆಕ್ಕವನ್ನೂ ಅವರ ಕಾಲದಲ್ಲೇ ಕೆದಕಿದ್ದರು.

ಬಯಲುಸೀಮೆ:

ಎಲ್ಲರೂ ಬೆಲೆ ಬೆಲೆ ಅನ್ನುತ್ತಿದ್ದೀರಿ. ಸರ್ಕಾರವೇ ಕೊಳ್ಳುವಾಗ ಏನಾಗುತ್ತದೆ ಅದನ್ನೂ ನೋಡಿ. 2024ರ ನವೆಂಬರ್‌ನಲ್ಲಿ ನಮ್ಮ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಅನುಮಾನ ಬಂದದ್ದು ಅವರಿಗೆ ಹಾಕಿದ ರಿಂಗರ್ ಲ್ಯಾಕ್ಟೇಟ್ ಅನ್ನುವ ಡ್ರಿಪ್ ದ್ರಾವಣದ ಬಾಟಲಿಯ ಮೇಲೆ. ರಾಜ್ಯದ ಔಷಧ ಪೂರೈಕೆ ನಿಗಮ ಟೆಂಡರ್ ಕರೆದು ಹೊರರಾಜ್ಯದ ಕಂಪನಿಯಿಂದ ಕೊಂಡಿದ್ದು ಅದು.

ಹೊಟ್ಟೆ ಉರಿಯುವ ಭಾಗ ಇದು: ಆ ಕಂಪನಿಯ ಕೆಲವು ಬ್ಯಾಚ್ ಗುಣಮಟ್ಟದ್ದಲ್ಲ ಅಂತ ನಮ್ಮ ರಾಜ್ಯದ ಲ್ಯಾಬ್ ಅದಕ್ಕೂ ಮೊದಲೇ ಹೇಳಿತ್ತು. ಕಾನೂನಿನಲ್ಲಿ ಕಂಪನಿಗೆ ಮೇಲಿನ ಲ್ಯಾಬಿಗೆ ಹೋಗುವ ಹಕ್ಕಿದೆ. ಕೋಲ್ಕತ್ತದ ಕೇಂದ್ರ ಲ್ಯಾಬ್ ಕೆಲವು ಬ್ಯಾಚ್ ಸರಿಯಿದೆ ಅಂದಿತು. ಕೇಂದ್ರದ ವರದಿಯೇ ಅಂತಿಮ. ಆಮೇಲೆ ಬಳಕೆ ಮತ್ತೆ ಶುರುವಾಯಿತು. ಸಾವುಗಳಾದ ಮೇಲೆ ಕಪ್ಪುಪಟ್ಟಿ, ಅಮಾನತು ಎಲ್ಲಾ ನಡೆಯಿತು.

ತಮಿಳುನಾಡು 90ರ ದಶಕದಲ್ಲೇ ನಿಗಮ ಮಾಡಿ, ಪೂರೈಕೆಯಾದ ಬ್ಯಾಚುಗಳನ್ನು ಪರೀಕ್ಷೆಗೆ ಕಳಿಸಿ ಆಮೇಲೆ ಆಸ್ಪತ್ರೆಗೆ ಬಿಡುವ ಪದ್ಧತಿ ತಂದಿತು. ನಾವು ಹೆಸರು ನಕಲು ಮಾಡಿದೆವು, ಪದ್ಧತಿಯನ್ನಲ್ಲ. ಇಲ್ಲಿ ದೊಡ್ಡ ಉದ್ಯಮವನ್ನು ಒಂದೇ ಬೈದರೆ ಸಾಲದು. ಬೇಜವಾಬ್ದಾರಿಯಿಂದ ಕೊಳ್ಳುವ ಸರ್ಕಾರ ಇದ್ದರೆ ಕಳಪೆ ಮಾರುವವನು ತಾನಾಗಿ ಹುಟ್ಟುತ್ತಾನೆ.

ಸಣ್ಣೂರ ಡಾಕ್ಟರ್:

ಇದನ್ನು ಓದಿ ಸಂಕಟವಾಯಿತು. ನಾವೂ ಅದೇ ದ್ರಾವಣ ಬಳಸುವವರು, ಬೇರೆ ಕಂಪನಿಯದು. ಬಾಟಲಿ ಎತ್ತಿ ಬೆಳಕಿಗೆ ಹಿಡಿದು ಕಣ ಇದೆಯೇ ಅಂತ ನೋಡುವುದು ಬಿಟ್ಟರೆ ನನ್ನ ಕೈಯಲ್ಲಿ ಬೇರೆ ಪರೀಕ್ಷೆ ಇಲ್ಲ.

ಗಿರಿನಗರ ನಿವಾಸಿ:

ಎಲ್ಲರಿಗೂ ಥ್ಯಾಂಕ್ಸ್. ‘ಆಟ’ ಅಂತ ಶುರು ಮಾಡಿದೆ. ಈಗ ನನಗೆ ಕಾಣುತ್ತಿರುವುದು ಬೇರೆ. ಯಾರೂ ಗುಟ್ಟಾಗಿ ಕೂತು ಸಂಚು ಮಾಡಬೇಕಿಲ್ಲ. ಯಾವುದು ಪಟ್ಟಿಯಲ್ಲಿ ಇರಬೇಕು, ಸರಾಸರಿ ಹೇಗೆ ತೆಗೆಯಬೇಕು, ದೂರು ಯಾರಿಗೆ ಹೋಗಬೇಕು ಅನ್ನುವ ಸಣ್ಣ ಸಣ್ಣ ವಿಷಯ ಕೈಯಲ್ಲಿದ್ದರೆ ಸಾಕು. ಅವು ತೀರ್ಮಾನವಾಗುವ ಕೋಣೆಯಲ್ಲಿ ಕಂಪನಿಗಳಿಗೆ ಕುರ್ಚಿ ಇದೆ, ರೋಗಿಗೆ ಇಲ್ಲ. ಸಂಚಾಗಿದ್ದರೆ ಯಾರಾದರೂ ಹಿಡಿಯಬಹುದಿತ್ತು, ಇದನ್ನು ಹಿಡಿಯುವುದು ಹೇಗೆ?

ಒಂದು ಪ್ರಾಯೋಗಿಕ ಪ್ರಶ್ನೆ: ಆ ‘ಕನ್ಸ್ಯೂಮಬಲ್ಸ್’ ಮೊತ್ತದ ಬಗ್ಗೆ ಈಗ ಏನಾದರೂ ಮಾಡಬಹುದೇ?

ಕೌಂಟರ್ ಹಿಂದಿನವ:

ಮೊದಲು ಬಿಡಿಬಿಡಿ ವಿವರದ ಬಿಲ್ ಬರವಣಿಗೆಯಲ್ಲಿ ಕೇಳಿ. ಬಾಯಿಮಾತಿನಲ್ಲಿ ಕೇಳಿದರೆ ‘ಪ್ಯಾಕೇಜ್’ ಅಂತಲೇ ಹೇಳುತ್ತಾರೆ. ಪ್ರತಿ ಸಾಮಾನಿನ ಬ್ರ್ಯಾಂಡ್, ಬ್ಯಾಚ್, ಎಂಆರ್‌ಪಿ ಬರಲಿ. ಬಳಸಿದ ಸಾಮಾನಿನ ಸ್ಟಿಕ್ಕರ್‌ಗಳನ್ನು ಕೇಸ್ ಶೀಟಿಗೆ ಅಂಟಿಸಿರುತ್ತಾರೆ, ಅದರ ಪ್ರತಿ ಕೂಡ ಕೇಳಿ. ಪಟ್ಟಿಯಲ್ಲಿರುವ ಔಷಧದ ಗರಿಷ್ಠ ಬೆಲೆ ನೋಡುವುದಕ್ಕೆ ಎನ್‌ಪಿಪಿಎಯ ‘ಫಾರ್ಮಾ ಸಹಿ ದಾಮ್’ ಆ್ಯಪ್ ಇದೆ. ಮಿತಿ ಮೀರಿದ್ದರೆ ಅವರ ‘ಫಾರ್ಮಾ ಜನ ಸಮಾಧಾನ್’ನಲ್ಲಿ ದೂರು ಹಾಕಬಹುದು.

ಲ್ಯಾಬ್ ಕೋಟು:

ಸ್ಟಿಕ್ಕರ್ ವಿಷಯ ಸರಿ. ಎಷ್ಟು ಬಲೂನ್ ಬಳಸಿದ್ದಾರೆ ಅಂತ ಪ್ರೊಸೀಜರ್ ನೋಟ್‌ನಲ್ಲೂ ಇರುತ್ತದೆ. ಎರಡೂ ಪಕ್ಕಪಕ್ಕ ಇಟ್ಟು ಬಿಲ್ಲಿನ ಸಂಖ್ಯೆಗೆ ತಾಳೆ ಹಾಕಿ. ಆದರೆ ಎಂಆರ್‌ಪಿಯೊಳಗೇ ಹಾಕಿದ್ದರೆ ಬಲೂನಿನ ಮೇಲೆ ದೂರು ನಿಲ್ಲುವುದಿಲ್ಲ ಸರ್, ಮೊದಲೇ ಹೇಳಿಬಿಡುತ್ತೇನೆ.

ಗಿರಿನಗರ ನಿವಾಸಿ:

ಸೋಮವಾರ ಪತ್ರ ಕೊಟ್ಟು ಬರುತ್ತೇನೆ. ಉತ್ತರ ಬಂದರೆ ಹೆಸರು ಅಳಿಸಿ ಇಲ್ಲೇ ಹಾಕುತ್ತೇನೆ.